ಗಡಿಕಲ್ಲಿನ ಈಚೆ

ನಮ್ಮೂರಿನಲ್ಲಿ ಮನೆಗೆ ಬಂದವರ ನೋವನ್ನು ಬಾಗಿಲಲ್ಲೇ ಇಸಿದುಕೊಳ್ಳುವುದು ವಾಡಿಕೆ. ಕಾಲಿಗೆ ನೀರು, ಕೂರಲು ಚಾಪೆ, ಆಮೇಲೆ ಎಲ್ಲಿ ಕೊಡಿ ಇಲ್ಲಿ ಎಂದು ಕೈ ಚಾಚುವುದು. ಬಂದವರು ಒಂದು ಸಲ ಸಂಕೋಚ ಪಡಬೇಕು, ಅಯ್ಯೋ ಬೇಡಿ, ಸೊಂಟದ್ದು ಸ್ವಲ್ಪ, ನಾನೇ ಇಟ್ಟುಕೊಂಡಿರುತ್ತೇನೆ ಎನ್ನಬೇಕು. ಎರಡನೆಯ ಸಲ ಕೇಳಿದಾಗ ಕೈ ಕೊಡಬೇಕು. ಕೈಗೆ ಕೈ ತಾಗಿದರೆ ಮುಗಿಯಿತು, ಅವರ ಸೊಂಟದ ನೋವು ನಮ್ಮ ಸೊಂಟಕ್ಕೆ. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಹೊರಡುವಾಗ ಹೊಸ್ತಿಲಲ್ಲಿ ವಾಪಸು. ಕೊಡೆ ಮರೆತು ಹೋದವರನ್ನು ಊರು ಕ್ಷಮಿಸುತ್ತದೆ, ನೋವು ಮರೆತು ಹೋದವರನ್ನು ಕ್ಷಮಿಸುವುದಿಲ್ಲ.

ಮದುವೆಮನೆಯಲ್ಲಿ ಅಡಿಗೆಯವರ ಕಾಲುನೋವನ್ನು ಗಂಡಿನ ಕಡೆಯ ಹುಡುಗರು ಹಂಚಿಕೊಳ್ಳುತ್ತಾರೆ. ಹೆರಿಗೆನೋವನ್ನು ಗಂಡನ ಮನೆಯವರು ಸರದಿಯಲ್ಲಿ ಹಿಡಿಯಬೇಕೆಂಬ ಕಟ್ಟಳೆಯಿದೆ. ನಮ್ಮೂರಿನ ಮನೆಗಳಲ್ಲಿ ಮಕ್ಕಳು ಕಡಿಮೆ ಯಾಕೆಂಬುದರ ಬಗ್ಗೆ ಚರಿತ್ರೆಯ ಮೇಷ್ಟ್ರಾಗಿದ್ದ ಕಾಲದಲ್ಲಿ ನಾನೊಂದು ಪ್ರಬಂಧ ಬರೆಯಲು ಹೊರಟಿದ್ದೆ. ಹಿಡಿದ ನೋವನ್ನು ಪೂರ್ತಿ ವಾಪಸು ಕೊಡಬೇಕು, ಚಿಟಿಕೆಯಷ್ಟೂ ಉಳಿಸಿಕೊಳ್ಳಬಾರದು ಎಂಬುದು ಮರ್ಯಾದೆ. ಈ ವಿಷಯದಲ್ಲಿ ನನ್ನ ಅಕ್ಕ ಚೂಡಾಮಣಿ ಅಷ್ಟು ಪ್ರಾಮಾಣಿಕಳಲ್ಲವೆಂದು ಊರಿಗೆಲ್ಲ ಗುಮಾನಿ. ಅವಳ ಕೈಗೆ ಹೋಗಿ ಬಂದ ನೋವು ಒಂದು ಸುತ್ತು ಬಡವಾಗಿರುತ್ತದೆ ಎನ್ನುತ್ತಾರೆ. ಕೇಳಿದರೆ ಅವಳು ಒಪ್ಪುವುದಿಲ್ಲ.

ಎರಡು ಮಾತು ಮಾತ್ರ ನೆನಪಿಡಬೇಕು. ಕೈ ಬದಲಾಗುವುದು ನೋವಷ್ಟೇ, ರೋಗ ಇದ್ದಲ್ಲೇ ಇರುತ್ತದೆ. ಮತ್ತೆ ಇದೆಲ್ಲ ನಡೆಯುವುದು ಊರಿನ ಗಡಿಕಲ್ಲಿನ ಈಚೆ. ಅದರಾಚೆ ಕೈ ಹಿಡಿದರೆ ಬರೀ ಕೈ.

ಹೀಗಾಗಿ ಡಾಕ್ಟರುಗಳಿಗೆ ಇದು ಸಹಿಸಲಾಗದ ಊರು. ಮೊದಲು ಬಂದ ಹಲ್ಲಿನ ಡಾಕ್ಟರು ನೋವೆಂದು ಅತ್ತವನ ಹಲ್ಲು ಕಿತ್ತರು. ಹುಳುಕು ಹಲ್ಲು ಪಕ್ಕದ ಬೀದಿಯಲ್ಲಿ ಹುರಿಗಡಲೆ ತಿನ್ನುತ್ತಿತ್ತು. ಆಮೇಲೆ ಬಂದವರು ಒಬ್ಬಾಕೆಯ ಹೊಟ್ಟೆ ಕುಯ್ಯಲು ಸಿದ್ಧರಾಗಿ ನಿಂತಾಗ ಮಲಗಿದ್ದಾಕೆ, ಇದು ನನ್ನ ನಾದಿನಿಯದು, ಅವಳು ಸಂತೆಗೆ ಹೋಗಿದ್ದಾಳೆ, ಬರಲಿ ತಡೀರಿ ಎಂದಳಂತೆ. ಅವರು ಕೈಗವಸು ಬಿಚ್ಚಿಟ್ಟು ನೇರವಾಗಿ ಬಸ್ಸು ಹತ್ತಿದರು. ಬಹಳ ವರ್ಷ ಆಸ್ಪತ್ರೆಯ ಬಾಗಿಲು ಮುಚ್ಚಿತ್ತು. ಬೇಡ ಎನ್ನಲು ಬಾರದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಆಸ್ಪತ್ರೆ ಸಮಿತಿಯ ಕಾರ್ಯದರ್ಶಿ ಮಾಡಿದ್ದರು. ನಾನು ರಾಜಧಾನಿಗೆ ಅರ್ಜಿ ಬರೆದೆ, ಬರೆದೆ, ಬರೆಯುತ್ತಲೇ ಇದ್ದೆ. ಕೊನೆಗೆ ಹೊರದೇಶದಿಂದ ಒಬ್ಬರನ್ನು ಕಳಿಸಿದರು.

ಹೆಸರು ಜಾನಾ. ಚಳಿಗಾಲದಲ್ಲಿ ಹೊಳೆಯ ಮೇಲೆ ಗಾಡಿ ಓಡಿಸಬಹುದಾದಂಥ ಹಿಮದ ದೇಶದವರು. ಊರು ಮೊದಲ ದಿನವೇ ಹೆಸರಿನ ಕೊನೆಗೊಂದು ಅಮ್ಮ ಸೇರಿಸಿತು. ಮೊದಲ ವಾರದಲ್ಲೇ ಅಗಸರ ಮುದ್ದಯ್ಯ ಕಿವಿನೋವೆಂದು ಬಂದ. ಜಾನಮ್ಮ ಎರಡು ಕಿವಿಗೂ ದೀಪ ಹಿಡಿದು ನೋಡಿದರು, ಕನ್ನಡಿಯ ಹಾಗೆ ಸ್ವಚ್ಛವಾಗಿದ್ದವು. ಬೇರೆಯವರಾಗಿದ್ದರೆ ಸುಳ್ಳ ಎನ್ನುತ್ತಿದ್ದರು. ಇವರು ಸ್ವಲ್ಪ ಹೊತ್ತು ಅವನ ಮುಖ ನೋಡಿ, ಆಗಷ್ಟೇ ಕಲಿತ ನಾಲ್ಕಾರು ಮಾತುಗಳಲ್ಲಿ ಎರಡನ್ನು ಆರಿಸಿ ಕೇಳಿದರು: “ಇದು ಯಾರದು?”

ಮುದ್ದಯ್ಯ ಸಂತೋಷದಿಂದ ಅತ್ತೇಬಿಟ್ಟ. ಅತ್ತೆಯದು ಎಂದ. ಅತ್ತೆಯನ್ನು ಕರೆಸಿ ಕಿವಿಯಿಂದ ಒಂದು ಜೋಳದ ಕಾಳು ತೆಗೆದರು. ಅಂದಿನಿಂದ ಆಸ್ಪತ್ರೆಯಲ್ಲಿ ಎಲ್ಲಿ ನೋಯುತ್ತದೆ ಎಂಬ ಪ್ರಶ್ನೆ ಎರಡನೆಯದಾಯಿತು.

ಅವರಿಗೆ ನಮ್ಮ ಮಹಡಿಯ ಮೇಲೆ ಮನೆ. ಕನ್ನಡ ಕಲಿಸಿದ್ದು ಅಕ್ಕ. ಹಾಗಾಗಿ ಮೂವತ್ತು ದಾಟಿದ ಹೆಣ್ಣುಮಗಳು ಎಪ್ಪತ್ತು ದಾಟಿದ ಮುದುಕಿಯಂತೆ ಮಾತಾಡುತ್ತಿದ್ದರು. ಗಡ್ಡ ಮೀಸೆ ಬಂದ ಪೈಲ್ವಾನನ ಗಾಯಕ್ಕೆ ಹೊಲಿಗೆ ಹಾಕುತ್ತ, ನನ್ನಪ್ಪಾ, ಯಾಕೋ ಈ ಗತಿ ತಂದ್ಕೊಂಡೆ ಎನ್ನುವುದನ್ನು ನಾನೇ ಕೇಳಿದ್ದೇನೆ.

ಅವರಿಗೊಂದು ವೀಸಾ ಇತ್ತು, ವೀಸಾಕ್ಕೊಂದು ನಿಯಮವಿತ್ತು. ಹೊರದೇಶದ ಡಾಕ್ಟರು ವೈದ್ಯರ ಕೊರತೆಯಿರುವ ಊರೆಂದು ಸರ್ಕಾರ ಒಪ್ಪಿದ ಊರಲ್ಲೇ ಐದು ವರ್ಷ ಇರಬೇಕು. ಅಪ್ಪಣೆಯಿಲ್ಲದೆ ಊರಿನ ಗಡಿ ದಾಟಬಾರದು. ತಮ್ಮ ದೇಶಕ್ಕೆ ಹೋದರೆ ಮತ್ತೆ ಬರುವಂತಿಲ್ಲ. ಐದು ಮುಗಿದರೆ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು, ಮನೆಯವರನ್ನೂ ಕರೆಸಿಕೊಳ್ಳಬಹುದು. ನಡುವೆ ಊರಿನ ಕೊರತೆ ನೀಗಿತೆಂದು ಯಾರಾದರೂ ಬರೆದರೆ ಮಾತ್ರ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಅಂದರೆ ಡಾಕ್ಟರು ಕೆಲಸ ಚೆನ್ನಾಗಿ ಮಾಡಿದಷ್ಟೂ ಅವರಿಗೇ ಅಪಾಯ. ಇದನ್ನು ಬರೆದವರು ಬುದ್ಧಿವಂತರೇ ಇರಬೇಕು, ದಡ್ಡರಿಗೆ ಇಷ್ಟೆಲ್ಲ ಹೊಳೆಯುವುದಿಲ್ಲ.

ಜಾನಮ್ಮನಿಗೆ ಅಲ್ಲಿ ತಾಯಿಯೊಬ್ಬಳೇ. ಅಲ್ಲಿನ ಆಸ್ಪತ್ರೆಗಳು ಮುಚ್ಚಿ ವರ್ಷಗಳಾಗಿದ್ದವು, ತಾಯಿಯ ಮಾತ್ರೆಗಳು ಇವರ ಸಂಬಳದಲ್ಲಿ ನಡೆಯುತ್ತಿದ್ದವು. ಐದು ಮುಗಿದೊಡನೆ ತಾಯಿಯನ್ನು ಇಲ್ಲಿಗೇ ಕರೆಸುವುದೆಂದು ತೀರ್ಮಾನವಾಗಿತ್ತು. ಅಕ್ಕ ಆಗಲೇ ಮಹಡಿಯ ಮೇಲೆ ಇನ್ನೊಂದು ಮಂಚ ಹಾಕಿಸಿ, ನಮ್ಮ ಮನೆಯ ಹುಳಿ ಅವರ ಅಮ್ಮನಿಗೆ ಸೇರುತ್ತದೋ ಇಲ್ಲವೋ ಎಂದು ಚಿಂತಿಸುತ್ತಿದ್ದಳು. ಸಂಜೆ ಫೋನು ಮುಗಿಸಿ ಜಾನಮ್ಮ ಗಡಿಕಲ್ಲಿನವರೆಗೆ ನಡೆದು ಹೋಗಿ, ಅದರ ಮೇಲೆ ಕೂತಿದ್ದು ಬರುತ್ತಿದ್ದರು. ಬಂದಾಗ ಒಂದು ಕೈ ಪಕ್ಕೆಯ ಕೆಳಗಿರುತ್ತಿತ್ತು. ಅಕ್ಕ ಕೈ ಚಾಚುತ್ತಿದ್ದಳು. ಡಾಕ್ಟರಾದವರು ಕೊಡಬಾರದು ಚೂಡಕ್ಕ ಎಂದು ಅವರು ಮಹಡಿ ಹತ್ತುತ್ತಿದ್ದರು. ಊರಿನ ನೋವನ್ನೆಲ್ಲ ಯಾರ ಯಾರದೆಂದು ಕೇಳಿ ವಿಂಗಡಿಸಿದವರು ತಮ್ಮದೊಂದನ್ನು ಯಾರಿಗೂ ತೋರಿಸಲಿಲ್ಲ.

ನಾಲ್ಕನೆಯ ವರ್ಷ ಸರ್ಕಾರಕ್ಕೆ ಅನುಮಾನ ಬಂತು, ಕೊರತೆಯ ಊರುಗಳಲ್ಲಿ ನಿಜವಾಗಿಯೂ ಕೊರತೆಯಿದೆಯೇ ಎಂದು. ಫಾಲಾಕ್ಷಯ್ಯ ಎಂಬ ಅಧಿಕಾರಿ ಪರಿಶೀಲನೆಗೆ ಬರುತ್ತಾರೆಂದು ತಿಳಿಯಿತು. ಒಂದು ಕಾಫಿಯನ್ನೂ ಮುಟ್ಟದ ಮನುಷ್ಯ, ಕಂಡದ್ದನ್ನೇ ಬರೆಯುತ್ತಾರೆ ಎಂದು ಅವರನ್ನು ಬಲ್ಲವರು ಎಚ್ಚರಿಸಿದರು.

ಕಾಣಿಸುವುದು ನಮ್ಮ ಕೆಲಸವಾಯಿತು. ಸಮಿತಿ ಸೇರಿ, ಆ ದಿನ ಎಲ್ಲರೂ ತಂತಮ್ಮ ನೋವನ್ನು ತಾವೇ ಇಟ್ಟುಕೊಂಡು ಆಸ್ಪತ್ರೆಯ ಮುಂದೆ ನಿಲ್ಲಬೇಕು, ಬಂದವರಿಗೆ ಗೋಜಲಾಗಬಾರದು ಎಂದು ಠರಾವು ಮಾಡಿತು. ಹಿಂದಿನ ದಿನವೆಲ್ಲ ಮನೆಯಿಂದ ಮನೆಗೆ ವಾಪಸಾತಿ ನಡೆಯಿತು. ಕ್ಷೌರದ ಚಿಕ್ಕಣ್ಣನ ಮಂಡಿನೋವು ಯಾವ ಕಾಲದಿಂದಲೋ ತಂಗಿಯ ಮನೆಯಲ್ಲಿತ್ತು. ತಿರುಗಿ ಬಂದಾಗ ಅವನು ಸೋದರಳಿಯನನ್ನು ನೋಡಿದವನಂತೆ, ಇಷ್ಟು ಬೆಳೆದುಬಿಟ್ಟಿದೆಯಾ ಎಂದ. ಬೆಳಿಗ್ಗೆ ಸಾಲು ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ಬೆಳೆದಿತ್ತು, ನರಳಾಟವೂ ಹದವಾಗಿತ್ತು. ನಾನು ನನ್ನ ಮೈಗ್ರೇನನ್ನು ಹಣೆಯ ಮೇಲೆ ಹೊತ್ತು ಹೆಮ್ಮೆಯಿಂದ ನಿಂತಿದ್ದೆ.

ಬಸ್ಸಿನಿಂದ ಫಾಲಾಕ್ಷಯ್ಯನವರು ಇಳಿದರು. ಕೊರಳಿನವರೆಗೆ ಗುಂಡಿ ಹಾಕಿದ ಕೋಟು, ಎದೆಗೆ ಅವಚಿಕೊಂಡ ಚರ್ಮದ ಚೀಲ, ಬೆವರಿದ ಮುಖ. ಒಂದು ಮೆಟ್ಟಿಲಿಳಿದು ನಿಂತು ಉಸಿರೆಳೆದುಕೊಂಡು ಮುಂದಿನದನ್ನು ಇಳಿದರು. ಸ್ವಾಗತಕ್ಕೆಂದು ಎಳನೀರು ಹಿಡಿದು ನಿಂತಿದ್ದವಳು ಅಕ್ಕ. ಎಳನೀರು ಬೇಡವೆಂದರು. ಅಯ್ಯೋ ಪಾಪ, ಎಂದು ಅಕ್ಕ ಅವರ ಕೈ ಹಿಡಿದು ಇಳಿಸಿಕೊಂಡಳು. ಜೀವಮಾನವೆಲ್ಲ ಬಾಗಿಲಲ್ಲಿ ನಿಂತು ಕೈ ಚಾಚಿದವಳು. ಠರಾವು ಅವಳ ತಲೆಯಲ್ಲಿತ್ತು, ಕೈಗೆ ಇನ್ನೂ ತಲುಪಿರಲಿಲ್ಲ.

ಫಾಲಾಕ್ಷಯ್ಯನವರ ಮುಖ ಬಿಚ್ಚಿಕೊಂಡಿತು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಆಮೇಲೆ ಊರಲ್ಲಿ ಅವರನ್ನು ಹಿಡಿಯುವವರೇ ಇಲ್ಲ. ನೀರಿನ ಟ್ಯಾಂಕಿನ ಏಣಿ ಹತ್ತಿ ಸುತ್ತಲೂ ನೋಡಿದರು. ಸಾಲಿನಲ್ಲಿ ನಿಂತವರ ಬೆನ್ನು ತಟ್ಟಿ, ಇಂಥ ಗಾಳಿಯಲ್ಲಿದ್ದು ನರಳುತ್ತೀರಲ್ಲ ಎಂದು ನಕ್ಕರು. ಪುರಸಭೆಯ ಕಚೇರಿಯಲ್ಲಿ ಕೂತು ನನಗೆ ಗುಟ್ಟು ಹೇಳುವವರಂತೆ, ಆರು ತಿಂಗಳಿಂದ ಎದೆಯ ಮೇಲೆ ಒಂದು ಆನೆ ಕೂತಿತ್ತು, ನಿಮ್ಮೂರಲ್ಲಿ ಕಾಲಿಟ್ಟೆ, ಎದ್ದು ಹೋಯಿತು ಎಂದರು. ಬರೆದದ್ದನ್ನು ಓದಿಯೂ ಹೇಳಿದರು: ಈ ಊರಿನ ಹವೆಯೇ ಔಷಧ. ಇಲ್ಲಿನವರದು ಸಣ್ಣಪುಟ್ಟ ಬಾಧೆ, ದೊಡ್ಡ ಭ್ರಮೆ. ವೈದ್ಯರ ಕೊರತೆ ಇಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ನಮ್ಮಲ್ಲಿ ಊಟಕ್ಕೆ ಬರಬೇಕೆಂದಿದ್ದವರು, ಈ ಹುರುಪಿನಲ್ಲಿ ಇನ್ನೊಂದು ಊರನ್ನೂ ಮುಗಿಸುತ್ತೇನೆಂದು ಯುವಕನಂತೆ ಬಸ್ಸು ಹತ್ತಿದರು.

ಸುದ್ದಿ ಹೇಳಲು ಆಸ್ಪತ್ರೆಗೆ ಹೋದರೆ ಅಲ್ಲಿ ಅಕ್ಕ ಮೇಜಿನ ಮೇಲೆ ಮಲಗಿದ್ದಳು. ಊಟಕ್ಕೆ ಬಂದಾಗ ಕೊಟ್ಟರಾಯಿತೆಂದು ಮನೆಯಲ್ಲಿ ಕಾದು, ತಡೆಯಲಾರದೆ ಬಂದಿದ್ದಳು. ಜಾನಮ್ಮ ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಯಂತ್ರದ ತಂತಿಗಳನ್ನು ಅಂಟಿಸಿ ಗೆರೆ ನೋಡಿದರು. ಅಕ್ಕನ ಎದೆ ಗಡಿಯಾರದ ಹಾಗಿತ್ತು.

“ಇದು ಯಾರದು, ಚೂಡಕ್ಕ?”

“ಆ ಸಾಹೇಬ್ರದು ಕಣೇ. ಕೈ ತಪ್ಪಿ ಇಸ್ಕೊಂಡ್‌ಬಿಟ್ಟೆ.”

ಎಡತೋಳಿಗೆ ಹರಿಯುತ್ತದೆಯೇ, ದವಡೆಗೆ ಏರುತ್ತದೆಯೇ ಎಂದು ಕೇಳಿದರು. ಎರಡಕ್ಕೂ ಅಕ್ಕ ಹೌದೆಂದಳು. ಮೊದಲೇ ಬಿಳಿಯಾಗಿದ್ದ ಜಾನಮ್ಮ ಇನ್ನೂ ಬಿಳಿಯಾದರು. ನಾನು ಮೆಲ್ಲಗೆ ಆ ಬರಹದ ವಿಷಯ ಹೇಳಿದೆ. ಅವರು ತಿಂಗಳ ಲೆಕ್ಕ ಹಾಕಲಿಲ್ಲ, ತಾಯಿಯ ಮಂಚದ ಮಾತೆತ್ತಲಿಲ್ಲ. ಚೀಲಕ್ಕೆ ಔಷಧಿ ತುಂಬುತ್ತಿದ್ದರು.

“ನೋವು ಅಂದ್ರೆ ಮನೆ ನಾಯಿ, ಮೇಷ್ಟ್ರೇ. ಕಳ್ಳ ಅವರ ಮನೇಲಿ ಹೊಕ್ಕವ್ನೆ, ನಾಯಿ ಇಲ್ಲಿ ಬೊಗಳ್ತಾ ಅದೆ. ಬಸ್ ಇಳಿದು ನಾಲ್ಕು ಮೆಟ್ಟಿಲು ಜೋರಾಗಿ ಹತ್ತಿದ್ರೂ ಅವರು ಉಳಿಯಕ್ಕಿಲ್ಲ. ಗಾಡಿ ಕರೀರಿ.”

ಗಾಡಿಯೆಂದರೆ ಬುಡೇನ್‌ಸಾಬರ ಲಗೇಜ್ ವ್ಯಾನು. ಅಕ್ಕನನ್ನು ಹಿಂದೆ ಮಲಗಿಸಿ, ಪಕ್ಕದಲ್ಲಿ ಜಾನಮ್ಮ ಕೂತು, ಮುಂದೆ ನಾನು. ಗಡಿಕಲ್ಲು ಬರುತ್ತಲೇ ವ್ಯಾನು ತಾನಾಗಿ ನಿಂತಿತು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಜಾನಮ್ಮ ಇದನ್ನು ದಾಟಿದರೆ ನಿಯಮ ಮುರಿದಂತೆ, ಅದೂ ಪರಿಶೀಲನೆಗೆ ಬಂದ ಅಧಿಕಾರಿಯ ಕಣ್ಣೆದುರಿಗೇ ಹೋಗಿ. ಅಕ್ಕ ದಾಟಿದರೆ ಅವಳ ಕೈ ಬರೀ ಕೈ, ಸಾಹೇಬರದನ್ನು ಸಾಹೇಬರಿಗೆ ಕೊಡಲು ಬರುವುದಿಲ್ಲ. ಜಾನಮ್ಮ ಕಲ್ಲನ್ನು ಒಮ್ಮೆ ನೋಡಿ, ಚೂಡಕ್ಕ ಇಲ್ಲೇ ಇರಲಿ, ನಾನಾದ್ರೂ ಹೋಗ್ತೀನಿ ಎಂದು ಅಕ್ಕನನ್ನು ಇಳಿಸಲು ಕೆಳಗಿಳಿದರು.

ಚರಿತ್ರೆ ಪಾಠ ಮಾಡಿದವನಿಗೆ ಒಂದು ವಿಷಯ ಗೊತ್ತಿರುತ್ತದೆ: ಗಡಿಕಲ್ಲುಗಳು ನಡೆದಾಡುತ್ತವೆ. ನಮ್ಮದೇ ಕಲ್ಲನ್ನು ಹಿಂದೊಮ್ಮೆ ಒಬ್ಬ ಪಾಳೆಯಗಾರ ತನ್ನ ಮಾವಿನ ತೋಪು ಒಳಗೆ ಬರಲೆಂದು ಸರಿಸಿದ್ದ. ಮಾವಿನಹಣ್ಣಿಗೆ ಸರಿದದ್ದು ಮನುಷ್ಯನಿಗೆ ಸರಿಯುವುದಿಲ್ಲವೇ ಎಂದೆ. ಬುಡೇನ್‌ಸಾಬರು ಹಾರೆ ತೆಗೆದರು. ಕಲ್ಲು ಅಲುಗಿತು, ಎದ್ದಿತು. ಮೂವರು ಸೇರಿ ಅದನ್ನು ವ್ಯಾನಿನ ಮೂತಿಯ ಹತ್ತಿರ, ನನ್ನ ಕಾಲ ಬುಡದಲ್ಲಿ ಹೇರಿದೆವು. ಹೀಗೆ ನಮ್ಮೂರು ಹೊರಟಿತು. ನಾವು ಎಷ್ಟೇ ಓಡಿದರೂ ಗಡಿ ನಮ್ಮಿಂದ ಒಂದು ಗೇಣು ಮುಂದೆಯೇ ಇತ್ತು.

ದಾರಿಯಲ್ಲಿ ಬುಡೇನ್‌ಸಾಬರು ಗಂಟಲು ಸರಿಮಾಡಿಕೊಂಡರು. “ಮೇಷ್ಟ್ರೇ, ಮಾತಿಗೆ ಹೇಳ್ತೀನಿ. ಆ ಕಾಗದ ಸಾಹೇಬ್ರ ಚೀಲದಲ್ಲೇ ಅದೆ. ನಾವು ಒಸಿ ನಿಧಾನಕ್ಕೆ ಹೋದ್ರೆ…”

ನಾನು ಉತ್ತರ ಕೊಡಲಿಲ್ಲ. ಕೊಡಬೇಕಾದಷ್ಟು ಬೇಗ ಕೊಡಲಿಲ್ಲ. ಹಿಂದಿನಿಂದ ಜಾನಮ್ಮನ ದನಿ ಬಂತು, ಥೇಟ್ ಅಕ್ಕನ ದನಿಯಲ್ಲಿ: “ಬುಡೇನಣ್ಣ, ಬಾಯಿ ಮುಚ್ಕೊಂಡು ಗಾಡಿ ಓಡ್ಸು.”

“ಓಡಿಸ್ತಾನೇ ಇವ್ನಿ ಕಣವ್ವಾ,” ಎಂದರು ಸಾಬರು. ನಿಜ, ಆ ವ್ಯಾನು ಅಷ್ಟು ಜೋರಾಗಿ ಹಿಂದೆಯೂ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ.

ದಾರಿ ಕವಲೊಡೆಯುವ ಕೈಮರದ ಹತ್ತಿರ ಒಂದು ಹೋಟೆಲಿದೆ, ಸುತ್ತ ಹತ್ತಾರು ಗುಡಿಸಲುಗಳಿವೆ. ಬಸ್ಸು ಅಲ್ಲಿ ತಿಂಡಿಗೆ ನಿಂತಿತ್ತು. ಫಾಲಾಕ್ಷಯ್ಯನವರು ಜೀವನದಲ್ಲಿ ಮೊದಲ ಸಲವೆಂಬಂತೆ ಮೆಣಸಿನಕಾಯಿ ಬೋಂಡ ತಿನ್ನುತ್ತಿದ್ದರು. ಜಾನಮ್ಮನನ್ನು ಕಂಡೊಡನೆ ಎಣ್ಣೆಗೈ ಒರೆಸಿಕೊಂಡು ಪೆನ್ನು ತೆಗೆದರು. ಡಾಕ್ಟರು ಗಡಿಯ ಹೊರಗೆ ಕಂಡುಬಂದಿದ್ದಾರೆ ಎಂದು ನನ್ನ ಕಡೆ ತಿರುಗಿ ಹೇಳಿದರು, ಕೋಪದಿಂದಲ್ಲ, ವಿಷಾದದಿಂದ. ಅಷ್ಟರಲ್ಲಿ ಸಾಬರು ಕಲ್ಲನ್ನು ಉರುಳಿಸಿಕೊಂಡು ಹೋಗಿ ಹೋಟೆಲಿನ ಆಚೆ ಪಕ್ಕ ನಿಲ್ಲಿಸಿದ್ದರು.

“ಗಡಿ ಅಲ್ಲಿದೆ ಸ್ವಾಮಿ,” ಎಂದೆ.

ಅವರು ಕಲ್ಲು ನೋಡಿದರು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಂಡಿದ್ದ ಅದೇ ಕಲ್ಲು. ಕಂಡದ್ದನ್ನೇ ಬರೆಯುವ ಮನುಷ್ಯ, ಪೆನ್ನು ಗಾಳಿಯಲ್ಲೇ ನಿಂತಿತು. ಅಷ್ಟರೊಳಗೆ ಅಕ್ಕ ಹತ್ತಿರ ಬಂದು ಆ ಕೈಯನ್ನೇ ಹಿಡಿದುಕೊಂಡಳು.

“ತಪ್ಪಾಯ್ತು ಸ್ವಾಮಿ. ನಿಮ್ಮದು ನನ್ನ ಹತ್ರ ಉಳಿದುಬಿಟ್ಟಿತ್ತು.”

ಫಾಲಾಕ್ಷಯ್ಯನವರು ಬೆಂಚಿನ ಮೇಲೆ ಕುಸಿದರು. ಬಂತು ಎಂದರು. ಏನೆಂದು ಯಾರೂ ಕೇಳಲಿಲ್ಲ. ಜಾನಮ್ಮ ಆಗಲೇ ನಾಲಗೆಯ ಕೆಳಗೆ ಮಾತ್ರೆ ಇಟ್ಟು, ಕೋಟಿನ ಗುಂಡಿ ಬಿಚ್ಚಿ, ಯಂತ್ರ ಹಚ್ಚಿದ್ದರು. ಈ ಸಲ ಗೆರೆ ನಾಯಿಯ ಮಾತನ್ನೇ ಹೇಳಿತು. ಕಳ್ಳ ಒಳಗೇ ಇದ್ದ, ಆದರೆ ಇನ್ನೂ ಬೀಗ ಒಡೆದಿರಲಿಲ್ಲ.

ವ್ಯಾನಿನಲ್ಲಿ ಅವರನ್ನು ಮಲಗಿಸಿ, ನಾವೆಲ್ಲ ಕೂತ ಮೇಲೆ ಕಲ್ಲಿಗೆ ಜಾಗವಿರಲಿಲ್ಲ. ನಾಳೆ ಬಂದು ಒಯ್ಯುತ್ತೇವೆಂದು ಹೋಟೆಲಿನಾಕೆಗೆ ಹೇಳಿದೆ. ಅವಳು ಆಗಲೇ ತನ್ನ ಮುದಿಗಂಡನ ಕೈ ಹಿಡಿದುಕೊಂಡು, ಅವನ ಬೆನ್ನುನೋವು ಇಷ್ಟಿತ್ತೇ ಎಂದು ಬೆರಗಾಗಿ ಅವನನ್ನೇ ನೋಡುತ್ತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಲಿಲ್ಲ.

ಸಾಹೇಬರು ನಮ್ಮ ಆಸ್ಪತ್ರೆಯಲ್ಲಿ ಮಲಗಿದರು. ಅಪಾಯ ಕಳೆದ ಮೇಲೆ ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದಾಯಿತು. ಅಕ್ಕ ದಿನವೂ ಗಂಜಿ ಒಯ್ಯುತ್ತಿದ್ದಳು, ಊಟದ ಹೊತ್ತಿಗಾದರೂ ನನಗೆ ಕೊಡಲಿ ಎಂದು ಜಾನಮ್ಮನನ್ನು ಕಾಡುತ್ತಿದ್ದಳು. ಮೊದಲೆರಡು ದಿನ ಖಡಾಖಂಡಿತವಾಗಿ ಇಲ್ಲವೆಂದರು. ಮೂರನೆಯ ದಿನ, ನನ್ನ ಕಣ್ಣ ಮುಂದೆ, ಊಟ ಮುಗಿಯೋವರೆಗೆ ಮಾತ್ರ ಎಂದು ಒಪ್ಪಿದರು. ಫಾಲಾಕ್ಷಯ್ಯನವರು ಮೂರು ತುತ್ತು ಉಂಡು, ಎದುರಿಗೆ ಎದೆ ಹಿಡಿದು ಕೂತ ಮುದುಕಿಯನ್ನು ನೋಡಿ ತಟ್ಟೆ ಕೆಳಗಿಟ್ಟರು.

“ನನ್ನ ಮನೇಲಿ ಯಾರೂ ಕೇಳಿರಲಿಲ್ಲಮ್ಮ,” ಎಂದರು. “ನಾನೂ ಹೇಳಿರಲಿಲ್ಲ ಅನ್ನಿ.”

“ಅಲ್ಲಿ ಕಲ್ಲಿಲ್ಲವಲ್ಲ ಸ್ವಾಮಿ. ಉಣ್ಣಿ ನೀವು, ಆರಿಹೋಗುತ್ತೆ,” ಎಂದಳು ಅಕ್ಕ.

ಹೊರಡುವ ದಿನ ಅವರು ನನ್ನನ್ನು ಕರೆಸಿದರು. ಚೀಲ ಮಡಿಲಲ್ಲಿತ್ತು. ಬರೆದದ್ದನ್ನು ಹರಿದುಹಾಕಿ ಎಂದು ಕೇಳಲು ನಾನು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಅವರು ಅವಕಾಶ ಕೊಡಲಿಲ್ಲ.

“ನಾನು ಬರೆದದ್ದನ್ನು ಹರಿಯೋನಲ್ಲ ಮೇಷ್ಟ್ರೇ. ಸುಳ್ಳೂ ಬರೆಯೋಲ್ಲ. ಆ ಕಲ್ಲು ಈಗ ಎಲ್ಲಿದೆ?”

“ಕೈಮರದ ಹೋಟೆಲಿನ ಪಕ್ಕ. ತರಬೇಕು, ಪುರುಸೊತ್ತಾಗಿಲ್ಲ.”

“ತರಬೇಡಿ.”

ಹಳೆಯ ಬರಹದ ಕೆಳಗೆ ಇನ್ನೊಂದು ಬರೆದರು. ಪರಿಶೀಲನೆಯ ಅವಧಿಯಲ್ಲೇ ಊರಿನ ಗಡಿ ವಿಸ್ತಾರಗೊಂಡಿದೆ. ಮೇಲೆ ಬರೆದದ್ದು ಹಳೆಯ ಊರಿನ ಮಾತು. ಹೊಸದಾಗಿ ಒಳಗೆ ಬಂದ ಜನರಿಗೆ ಈವರೆಗೆ ಯಾವ ವೈದ್ಯರೂ ಇರಲಿಲ್ಲ. ಕೊರತೆ ಇದೆ, ಹೆಚ್ಚಿದೆ. ಸಹಿ ಹಾಕಿ, ಶಾಯಿ ಆರಲೆಂದು ತಾವೇ ಊದಿದರು. ಆಂಬುಲೆನ್ಸು ಕೈಮರ ದಾಟುವ ಮೊದಲು ನಿಲ್ಲಿಸಿ, ಅಕ್ಕ ಮಧ್ಯಾಹ್ನದಿಂದ ಹಿಡಿದಿದ್ದುದನ್ನು ವಾಪಸು ಕೊಟ್ಟಳು. ಅವರು ಎದೆ ಮುಟ್ಟಿ ನೋಡಿಕೊಂಡು, ಆನೆ ಸ್ವಲ್ಪ ಇಳಿದ ಹಾಗಿದೆಯಲ್ಲಮ್ಮ ಎಂದರು. ಅಕ್ಕ, ಗಂಜಿ ಊಟ ಅಲ್ವಾ ಎಂದಳು.

ಈಗ ಜಾನಮ್ಮನ ಸಂಜೆಯ ನಡಿಗೆ ಕೈಮರದವರೆಗೆ ಬೆಳೆದಿದೆ. ಹೋಟೆಲಿನಾಕೆ ಅವರಿಂದ ಕಾಫಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಂಬುಲೆನ್ಸು ಹೋದ ಆ ಸಂಜೆಯೇ ನಾವು ಮೂವರೂ ಅಲ್ಲಿ ಬೆಂಚಿನ ಮೇಲೆ ಕೂತೆವು. ಕಲ್ಲಿನಾಚೆ ದಾರಿ ಹೋಗುತ್ತಲೇ ಇತ್ತು. ಉಳಿದದ್ದು ಇನ್ನೊಂದು ವರ್ಷ, ಅಷ್ಟೇ ಎಂದು ನಾನು ಹೇಳಿದೆ. ಜಾನಮ್ಮ ಹೂಂ ಎಂದರು. ಕೈ ಪಕ್ಕೆಯ ಕೆಳಗೆ ಹೋಯಿತು.

ಅಕ್ಕ ಕೈ ಚಾಚಿದಳು. ಜಾನಮ್ಮ ಎಂದಿನಂತೆ, ಡಾಕ್ಟರಾದವರು ಎಂದು ಶುರುಮಾಡಿದರು.

“ಗೊತ್ತು ಕಣೇ, ನಾಯಿ ಅವರವರ ಮನೇಲೇ ಇರಬೇಕು,” ಎಂದಳು ಅಕ್ಕ. “ನಿನ್ನ ನಾಯಿ ನಾಲ್ಕು ವರ್ಷದಿಂದ ಮಹಡಿ ಮೇಲೆ ಬೊಗಳ್ತಾ ಇದೆ, ಕೆಳಗೆ ನಂಗೆ ನಿದ್ದೆ ಇಲ್ಲ. ಒಂದು ರಾತ್ರಿ ನಮ್ಮನೇಲಿ ಕಟ್ಟು. ಬೆಳಿಗ್ಗೆ ಬಿಟ್‌ಬಿಡ್ತೀನಿ.”

ಜಾನಮ್ಮ ನನ್ನನ್ನು ನೋಡಿದರು. ನಾನು ನನ್ನ ಕಾಫಿ ನೋಡಿದೆ. ತಲೆಯೆತ್ತಿದಾಗ ಅವರ ಕೈ ಅಕ್ಕನ ಕೈಯಲ್ಲಿತ್ತು. ಅಕ್ಕ ಒಮ್ಮೆ ಗಡಗಡ ನಡುಗಿದಳು. ನಡುಬೇಸಗೆ, ಹಂಚು ಕಾದಂಥ ದಿನ. ಹಲ್ಲು ಕಟಕಟ ಎನ್ನುತ್ತಿದ್ದವು.

“ಹಿಮ ಅಂದ್ರೆ ಇದೇನೇನೇ?” ಎಂದಳು. ಆಮೇಲೆ ಪಕ್ಕೆ ಮುಟ್ಟಿಕೊಂಡು, “ನಿಮ್ಮಮ್ಮ ಇದ್ರಲ್ಲಿ ಒಬ್ಬಳೇ ಇದ್ದಾಳಾ?” ಎಂದಳು.

ಜಾನಮ್ಮ ಮುದುಕಿಯ ಹೆಗಲ ಮೇಲೆ ತಲೆಯಿಟ್ಟರು. ವರ್ಷಗಟ್ಟಲೆ ನೆಟ್ಟಗೆ ಕೂತವರ ಬೆನ್ನು ಬಾಗಿತು. ಅಲ್ಲಿಯೇ, ಬೆಂಚಿನ ಮೇಲೆಯೇ, ಬಸ್ಸುಗಳು ಬಂದು ಹೋಗುತ್ತಿದ್ದ ಹಾಗೆಯೇ ನಿದ್ದೆ ಹೋದರು. ನಾನು ಹೋಟೆಲಿನಾಕೆಯಿಂದ ಒಂದು ಕಂಬಳಿ ತಂದು ಅಕ್ಕನಿಗೆ ಹೊದಿಸಿದೆ.

ರಾತ್ರಿ ಮನೆಗೆ ಬಂದೆವು. ಬೆಳಗಾಗುತ್ತಲೇ ಅಕ್ಕ ಆ ನೋವನ್ನು ಮಹಡಿ ಹತ್ತಿ ಹೋಗಿ ವಾಪಸು ಕೊಟ್ಟುಬಂದಳು. ಪೂರ್ತಿ ಕೊಟ್ಟೆಯಾ ಎಂದು ಕೇಳಿದೆ. ನನ್ನೇನಂದ್ಕೊಂಡಿದ್ದೀಯೋ ಎಂದು ನನ್ನ ಮೇಲೇ ಹರಿಹಾಯ್ದಳು. ಆದರೆ ಈ ವರ್ಷ ಇಷ್ಟು ಸೆಕೆಯಲ್ಲೂ ಅವಳು ಜಗುಲಿಯಲ್ಲಿ ಶಾಲು ಹೊದ್ದು ಕೂರುತ್ತಾಳೆ, ಮತ್ತೆ ಮಹಡಿಯ ಮೇಲಿನ ಎರಡನೆಯ ಮಂಚಕ್ಕೆ ದಪ್ಪ ಹತ್ತಿಯ ಹಾಸಿಗೆ ಹೊಲಿಸಲು ಕೊಟ್ಟಿದ್ದಾಳೆ.